ಬೊಂಬೆಮೆಟ್ಟಿಲ ಕೆಳಗಿನ ರೈಲು

ಆಟಿಕೆಗಳಿಗೂ ವಯಸ್ಸುಂಟು. ಬುಗುರಿ, ಗೋಲಿ, ಗಾಳಿಪಟ, ಚಿನ್ನಿದಾಂಡು ಇವೆಲ್ಲ ಒಂದೊಂದು ವಯಸ್ಸಿನಲ್ಲಿ ನಮ್ಮ ಕೈ ಹಿಡಿಯುತ್ತವೆ. ಆ ವಯಸ್ಸು ದಾಟುತ್ತಿದ್ದಂತೆ ತಾವಾಗಿಯೇ ಕೈಬಿಡುತ್ತವೆ. ಐವತ್ತು ದಾಟಿದ ಗೃಹಸ್ಥರೊಬ್ಬರು ಬೀದಿಯಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಗೋಲಿಯಾಡುತ್ತಿದ್ದರೆ ನೆರೆಯವರು ಅವರ ಮನೆಗೆ ಸುದ್ದಿ ಮುಟ್ಟಿಸಿಯಾರು. ಅದೇ ಗೃಹಸ್ಥರು ನಡುಮನೆಯಲ್ಲಿ ಮಂಡಿಯೂರಿ, ಬೆರಳುದ್ದದ ರೈಲೊಂದು ವಿದ್ಯುತ್ತಿನಿಂದ ಸುತ್ತು ಹಾಕುವುದನ್ನು ನೋಡುತ್ತಿದ್ದರೆ, ಸುದ್ದಿ ಮುಟ್ಟಿಸಲು ಬಂದ ನೆರೆಯವರೂ ಪಕ್ಕದಲ್ಲಿ ಕುಳಿತುಬಿಡುತ್ತಾರೆ. ‘ಮಗನಿಗೆಂದು ತಂದದ್ದು’ ಎಂದು ತಂದೆ ಹೇಳುವುದುಂಟು. ಮಗನಿಗೆ ಅದರ ಸರದಿ ಯಾವಾಗ ಬರುತ್ತದೆಂಬುದನ್ನು ಮಾತ್ರ ಅವರು ಹೇಳುವುದಿಲ್ಲ.

ಈ ಆಕರ್ಷಣೆಗೆ ಕಾರಣವೇನು? ಬಾಲ್ಯದ ನೆನಪು, ಹಳಹಳಿಕೆ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಆದರೆ ಆ ಉತ್ತರ ನಮ್ಮ ಕಡೆಯವರಿಗೆ ಸರಿಯಾಗಿ ಹೊಂದುವುದಿಲ್ಲ. ಏಕೆಂದರೆ ವಿದ್ಯುತ್ ರೈಲನ್ನು ನೆನೆದು ಇಂದು ಮರುಗುವ ನಮ್ಮಲ್ಲಿ ಬಹುಪಾಲು ಜನರ ಬಾಲ್ಯದಲ್ಲಿ ಅಂಥದೊಂದು ರೈಲು ಇರಲೇ ಇಲ್ಲ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ವಿದೇಶಿ ವಸ್ತುಗಳ ಆಮದಿಗೆ ಬಿಗಿಯಾದ ಕಟ್ಟುಪಾಡುಗಳಿದ್ದವು. ಗುಮಾಸ್ತರು, ಉಪಾಧ್ಯಾಯರು, ಸಣ್ಣ ವ್ಯಾಪಾರಿಗಳು ಇದ್ದ ಬೀದಿಗೆ ಅಂಥ ರೈಲು ಬರಬೇಕಾದರೆ ಯಾರ ಮನೆಯವರಾದರೂ ಹೊರದೇಶಕ್ಕೆ ಹೋಗಿ, ಬಟ್ಟೆಬರೆಯ ನಡುವೆ ಅದನ್ನು ಇಟ್ಟುಕೊಂಡು ಹಿಂತಿರುಗಬೇಕಾಗಿತ್ತು. ನಮ್ಮದಾಗಿ ಇಲ್ಲದಿದ್ದ ವಸ್ತುವನ್ನು ನಾವು ಕಳೆದುಕೊಂಡದ್ದು ಹೇಗೆ? ಇಂದಿನ ಮಾತಿನಲ್ಲಿ ಈ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡಬೇಕೆಂದಿದ್ದೇನೆ.

ಮೊದಲು ಆಟಿಕೆಯ ಜಾಡನ್ನೇ ಹಿಡಿಯೋಣ. ನಮಗೆ ಹತ್ತಿರದ ಆಟದ ರೈಲು ಚನ್ನಪಟ್ಟಣದ್ದು. ಬೆಂಗಳೂರಿನಿಂದ ಮೈಸೂರಿಗೆ ಬರುವ ರೈಲು ಹಾದುಬರುವ ಊರು ಅದು. ಆಲೆ ಮರವನ್ನು ಚರಕಿಗೆ ಕೊಟ್ಟು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹಿಡಿಸಿ ಮಾಡಿದ ಬಂಡಿ. ದಾರ ಕಟ್ಟಿ ಎಳೆದರೆ ಬರುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅದಕ್ಕೆ ಮಗುವೇ ಎಂಜಿನ್ನು. ಆಮೇಲೆ ತಗಡಿನ ರೈಲು ಬಂದಿತು. ಬೀಗದ ಕೈಯಂಥದನ್ನು ತಿರುವಿ ಸುರುಳಿಗೆ ಬಿಗಿ ಕೊಟ್ಟರೆ ಒಂದಷ್ಟು ದೂರ ಓಡುತ್ತದೆ. ಆದರೆ ಅದರ ಓಟದಲ್ಲಿ ಒಂದು ಕೊರಗಿದೆ: ಹೊರಟ ಗಳಿಗೆಯಿಂದಲೇ ಅದರ ಶಕ್ತಿ ಇಳಿಯತೊಡಗುತ್ತದೆ. ನೋಡುವ ಹುಡುಗನ ಕಣ್ಣು ರೈಲಿನ ಮೇಲಿದ್ದರೂ ಮನಸ್ಸು ಅದು ನಿಲ್ಲುವ ಜಾಗವನ್ನು ಲೆಕ್ಕ ಹಾಕುತ್ತಿರುತ್ತದೆ.

ವಿದ್ಯುತ್ ರೈಲು ಈ ಎರಡೂ ಬಂಧನಗಳಿಂದ ಬಿಡಿಸಿಕೊಂಡ ಆಟಿಕೆ. ಅದರ ಒಳಗುಟ್ಟು ಸರಳವಾದದ್ದು. ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆಯೊಂದು ಇಳಿಸಿ, ಏಕಮುಖವಾಗಿ ಹರಿಯುವಂತೆ ಮಾಡಿ, ಹೆಚ್ಚೆಂದರೆ 12 ವೋಲ್ಟಿನಷ್ಟನ್ನು ಹಳಿಗೆ ಬಿಡುತ್ತದೆ. ಅದು ಒಂದು ಹಳಿಯಿಂದ ಚಕ್ರದ ಮೂಲಕ ಎಂಜಿನ್ನಿನೊಳಗಿನ ಪುಟ್ಟ ಮೋಟಾರನ್ನು ಸೇರಿ, ಎದುರಿನ ಚಕ್ರದಿಂದ ಇನ್ನೊಂದು ಹಳಿಗೆ ಇಳಿದು ಹಿಂದಿರುಗುತ್ತದೆ. ಪೆಟ್ಟಿಗೆಯ ಗುಂಡಿಯನ್ನು ತಿರುಗಿಸಿದಂತೆ ವೇಗ ಏರುತ್ತದೆ. ಪ್ರವಾಹದ ದಿಕ್ಕು ಬದಲಿಸಿದರೆ ರೈಲು ಹಿಮ್ಮುಖವಾಗುತ್ತದೆ. ಹಳಿಯ ಮೇಲೆ ಧೂಳು ಕುಳಿತರೆ ಪ್ರವಾಹ ಕಡಿದು ಬಂಡಿ ಮಿಡುಕಿ ನಿಲ್ಲುತ್ತದೆ. ಬಟ್ಟೆಯಿಂದ ಒರೆಸಿದರೆ ಮತ್ತೆ ಹೊರಡುತ್ತದೆ.

ಇದರಿಂದ ಆಟದಲ್ಲಿ ಹೊಸದೊಂದು ಸಂಬಂಧ ಹುಟ್ಟಿತು. ಆಡುವವನು ಆಟಿಕೆಯನ್ನು ಮುಟ್ಟಬೇಕಾಗಿಲ್ಲ. ದೂರದಲ್ಲಿ ಕುಳಿತೇ ಅದನ್ನು ಹೊರಡಿಸಬಹುದು, ನಿಲ್ದಾಣದಲ್ಲಿ ನಿಲ್ಲಿಸಬಹುದು. ಅವನೇ ಚಾಲಕ, ಅವನೇ ಗಾರ್ಡು, ಅವನೇ ಸ್ಟೇಷನ್ ಮಾಸ್ತರು. ಮನಸ್ಸು ಬಂದರೆ ಕಿಟಕಿಯ ಪಕ್ಕದ ಪ್ರಯಾಣಿಕನೂ ಅವನೇ. ಅದಕ್ಕಿಂತ ಮುಖ್ಯವಾದದ್ದು, ಆಡದೆ ಸುಮ್ಮನೆ ನೋಡುವವನಿಗೂ ಇಲ್ಲಿ ಪೂರ್ತಿ ಪಾಲುಂಟು. ಬುಗುರಿಯ ಸುಖ ಬಹುಮಟ್ಟಿಗೆ ಆಡುವವನ ಕೈಯಲ್ಲಿದೆ. ರೈಲಿನ ಸುಖ ಸುತ್ತಲೂ ಕುಳಿತವರ ಕಣ್ಣುಗಳಲ್ಲಿ ಹಂಚಿಹೋಗುತ್ತದೆ.

ಈ ಆಟಿಕೆಯ ಚರಿತ್ರೆಯೂ ಅದನ್ನೇ ಹೇಳುತ್ತದೆ. ಅಮೆರಿಕದ ನ್ಯೂಯಾರ್ಕಿನಲ್ಲಿ ಜೋಶುವ ಲಯೊನೆಲ್ ಕೋವೆನ್ ಎಂಬಾತ 1901ರಲ್ಲಿ ವಿದ್ಯುತ್ತಿನಿಂದ ಹಳಿಯ ಮೇಲೆ ಓಡುವ ಪುಟ್ಟ ಬಂಡಿಯನ್ನು ಮಾಡಿದ. ಅಂಗಡಿಯ ಗಾಜಿನ ಕಿಟಕಿಯಲ್ಲಿ ಸರಕನ್ನು ಹೊತ್ತು ಸುತ್ತುತ್ತ ದಾರಿಹೋಕರ ಗಮನ ಸೆಳೆಯುವುದು ಅದರ ಕೆಲಸವಾಗಿತ್ತು. ದಾರಿಹೋಕರು ನಿಂತರು, ಒಳಗೂ ಬಂದರು. ಆದರೆ ಸರಕನ್ನು ಬಿಟ್ಟು ಬಂಡಿಯನ್ನೇ ಕೇಳಿದರು! ಮುಂದೆ ಲಯೊನೆಲ್ ಎಂಬ ಹೆಸರೇ ಆ ದೇಶದಲ್ಲಿ ಆಟದ ರೈಲಿಗೆ ಪರ್ಯಾಯವಾಯಿತು. ಜರ್ಮನಿಯ ಮಾರ್ಕ್ಲಿನ್ ಸಂಸ್ಥೆ 1935ರಲ್ಲಿ ಮೇಜಿನ ಮೇಲೆ ಹಾಸಬಹುದಾದ ಕಿರಿಯ ಅಳತೆಯ ವಿದ್ಯುತ್ ರೈಲನ್ನು ತಂದಿತು. 1920ರಲ್ಲಿ ಸುರುಳಿಯ ರೈಲಿನಿಂದ ಮೊದಲುಗೊಂಡ ಇಂಗ್ಲೆಂಡಿನ ಹಾರ್ನ್‌ಬಿಯವರ ಕಿರಿಯ ಅಳತೆಯ ರೈಲು 1938ರಲ್ಲಿ ಬಂದಿತು. ಎಲ್ಲಿಗೆ ಹೋದರೂ ಅದು ಮೊದಲು ಕಂಡದ್ದು ಅಂಗಡಿಯ ಕಿಟಕಿಯಲ್ಲಿ. ಮೂಗನ್ನು ಗಾಜಿಗೆ ಒತ್ತಿ ನಿಂತ ಮಕ್ಕಳ ಸಂಖ್ಯೆ, ಕೊಂಡು ಮನೆಗೆ ಒಯ್ದ ಮಕ್ಕಳ ಸಂಖ್ಯೆಗಿಂತ ಎಂದೂ ಹೆಚ್ಚೇ ಇದ್ದೀತು.

ಅರಮನೆಗಳಿಗೂ ಈ ಮೋಹ ತಟ್ಟದೆ ಇರಲಿಲ್ಲ. ಗ್ವಾಲಿಯರ್‌ನ ಜೈವಿಲಾಸ ಅರಮನೆಯ ಭೋಜನಶಾಲೆಯಲ್ಲಿ ಉದ್ದನೆಯ ಮೇಜಿನ ಮೇಲೆ ಬೆಳ್ಳಿಯ ರೈಲೊಂದಿದೆ. ಊಟವಾದ ಮೇಲೆ ಪಾನೀಯಗಳನ್ನೂ ಚುಟ್ಟಾಗಳನ್ನೂ ಹೊತ್ತು ಅದು ಅತಿಥಿಗಳ ಮುಂದೆ ಹಾದುಬರುತ್ತಿತ್ತು. ಯಾರಾದರೂ ಬುದ್ದಲಿಯನ್ನು ಎತ್ತಿಕೊಂಡರೆ ರೈಲು ಅಲ್ಲೇ ನಿಲ್ಲುತ್ತಿತ್ತು. ಮಹಾರಾಜರ ಆಟವಾದರೂ ಅದಕ್ಕೆ ಅತಿಥಿಗಳು ಬೇಕಾಗಿದ್ದರು ಎಂಬುದನ್ನು ಗಮನಿಸಬೇಕು. ಎದುರಿಗೆ ಕುಳಿತವರಿಲ್ಲದಿದ್ದರೆ ಆ ರೈಲಿಗೆ ನಿಲ್ದಾಣಗಳೇ ಇಲ್ಲ.

ಮೈಸೂರಿನಲ್ಲಿ ನಮಗೆ ಅಷ್ಟು ದೊಡ್ಡ ಮೇಜು ಇರಲಿಲ್ಲ. ಆದರೆ ಬೊಂಬೆಮೆಟ್ಟಿಲು ಇತ್ತು.

ಕೃಷ್ಣಮೂರ್ತಿಪುರಂನಲ್ಲಿ ಬೆಳೆದವರಿಗೆ ರೈಲು ಅಪರಿಚಿತವಲ್ಲ. 1882ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಬಂದ ಹಳಿ 1891ರಲ್ಲಿ ನಂಜನಗೂಡನ್ನೂ, 1926ರಲ್ಲಿ ಚಾಮರಾಜನಗರವನ್ನೂ ಮುಟ್ಟಿತು. ಬಡಾವಣೆಗೆ ಹತ್ತಿರವೇ ಆ ಹಳಿ ಹಾದುಹೋಗುತ್ತದೆ. ಒಂದು ಕಡೆ ಚಾಮರಾಜಪುರಂ ನಿಲ್ದಾಣ, ಇನ್ನೊಂದು ಕಡೆ ಅಶೋಕಪುರಂ. ಗಡಿಯಾರಕ್ಕೆ ಕೀಲಿ ಕೊಡುವುದು ಮರೆತ ಮನೆಗಳಲ್ಲಿ ನಂಜನಗೂಡಿನ ರೈಲಿನ ಸಿಳ್ಳೇ ಹೊತ್ತನ್ನು ಹೇಳುತ್ತಿತ್ತು. ಇತ್ತ ವಿದ್ಯುತ್ತೂ ಈ ಊರಿಗೆ ಹೊಸದಲ್ಲ. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಬೆಳಕು 1908ರಲ್ಲಿ ಮೈಸೂರನ್ನು ತಲಪಿತು. ರೈಲೂ ವಿದ್ಯುತ್ತೂ ಎರಡೂ ಮನೆಯ ಬಾಗಿಲಿನವರೆಗೆ ಬಂದಿದ್ದವು. ಅವೆರಡನ್ನೂ ನಡುಮನೆಗೆ ಕರೆದದ್ದು ನವರಾತ್ರಿ.

ಮೈಸೂರಿನ ಬೊಂಬೆ ಹಬ್ಬವನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಮೇಲಿನ ಹಂತದಲ್ಲಿ ಪಟ್ಟದ ಬೊಂಬೆಗಳು, ಅವುಗಳ ಕೆಳಗೆ ದೇವರು ದಿಂಡರು, ಇನ್ನೂ ಕೆಳಗೆ ಅಂಗಡಿ ತೆರೆದು ಕುಳಿತ ಶೆಟ್ಟಿ ದಂಪತಿಗಳು. ಮೆಟ್ಟಿಲುಗಳು ಮುಗಿದ ಮೇಲೆ ನೆಲದ ಭಾಗ ಮಕ್ಕಳದು. ಅಲ್ಲಿ ‘ಪಾರ್ಕು’ ಏಳುತ್ತದೆ. ಹಬ್ಬಕ್ಕೆ ವಾರ ಮುಂಚೆಯೇ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿ ಬೆಳೆಸಿದ ಪೈರು ಹೊಲವಾಗುತ್ತದೆ, ಒಡೆದ ಕನ್ನಡಿಯ ತುಂಡು ಕೆರೆಯಾಗುತ್ತದೆ, ಬೆಂಕಿಪೊಟ್ಟಣಗಳು ಮನೆಗಳಾಗುತ್ತವೆ. ಹಂತದ ಮೇಲೆ ಶಾಸ್ತ್ರಕ್ಕೆ ಅಧಿಕಾರ. ನೆಲದ ಮೇಲೆ ಕಲ್ಪನೆಗೆ. ಪರದೇಶದ ರೈಲು ಯಾರ ಅಪ್ಪಣೆಯನ್ನೂ ಕೇಳದೆ ಈ ಪಾರ್ಕಿನೊಳಕ್ಕೆ ನುಗ್ಗಿ, ರಾಗಿ ಹೊಲವನ್ನು ಬಳಸಿ, ದಶಾವತಾರದ ಪಾದದ ಬಳಿ ಹಾದು, ಶೆಟ್ಟರ ಅಂಗಡಿಯ ಮುಂದೆ ಸಿಳ್ಳು ಹಾಕಿತು. ಪೂಜೆಗೆ ಅದರಿಂದ ಭಂಗ ಬಂದಿತೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ನಮ್ಮ ಬೀದಿಯ ಒಂದೇ ಒಂದು ಮನೆಯಲ್ಲಿ ಅಂಥ ರೈಲು ಇತ್ತು. ವರ್ಷದ ಉಳಿದ ದಿನಗಳಲ್ಲಿ ಅದು ಟ್ರಂಕಿನ ವಾಸಿ. ಹಳೆಯ ಪಂಚೆಯಲ್ಲಿ ಸುತ್ತಿಸಿಕೊಂಡು, ಪಟ್ಟದ ಬೊಂಬೆಗಳ ಪಕ್ಕದಲ್ಲೇ ಮಲಗಿರುತ್ತಿತ್ತು. ಪಾಡ್ಯದ ದಿನ ಎಲ್ಲವೂ ಒಟ್ಟಿಗೆ ಎಚ್ಚರವಾಗುತ್ತಿದ್ದವು. ಸಂಜೆಯ ಹೊತ್ತಿಗೆ ಬೀದಿಯ ಮಕ್ಕಳು ಮನೆಮನೆಯ ಬಾಗಿಲಲ್ಲಿ ನಿಂತು ‘ಬೊಂಬೆ ಕೂರಿಸಿದೀರಾ?’ ಎಂದು ಕೇಳುವುದು ವಾಡಿಕೆ. ಕೇಳಿದ ಮಗುವನ್ನು ಒಳಗೆ ಕರೆಯದೆ ಕಳುಹಿಸುವಂತಿಲ್ಲ. ಬೊಂಬೆ ಬಾಗಿನವೆಂದು ಚಕ್ಕುಲಿಯನ್ನೋ ಕೊಬ್ಬರಿ ಮಿಠಾಯಿಯನ್ನೋ ಕೈಗಿಡದೆ ಕಳುಹಿಸುವಂತಿಲ್ಲ. ಆದರೆ ಆ ಮನೆಯಲ್ಲಿ ಮಿಠಾಯಿಗೆ ಕೈ ಚಾಚುವುದನ್ನೂ ಮರೆತು ಮಕ್ಕಳು ನೆಲಕ್ಕೆ ಕೂರುತ್ತಿದ್ದರು.

ಆ ಮನೆಯ ತಾತ ನಿವೃತ್ತರು. ಮಗ ಕಳುಹಿಸಿದ ರೈಲಿಗೆ ಅವರೇ ವ್ಯವಸ್ಥಾಪಕರು. ಅವರದೊಂದು ಕಟ್ಟಳೆ ಇತ್ತು: ಬಂದ ಪ್ರತಿ ಮಗುವಿಗೂ ಗುಂಡಿಯ ಮೇಲೆ ಕೈಯಿಟ್ಟು ಎರಡು ಸುತ್ತು ಓಡಿಸುವ ಹಕ್ಕು. ‘ತಾತ, ಇದು ಯಾವ ಊರು ರೈಲು?’ ಎಂದು ಒಬ್ಬ ಕೇಳಿದ. ‘ನೀನು ಎಲ್ಲಿಗೆ ಹೋಗಬೇಕೋ ಅಲ್ಲಿನದು ಕಣಪ್ಪ’ ಎಂದರು. ‘ಹಾಗಾದರೆ ನಂಜನಗೂಡಿಗೆ!’ ಅಲ್ಲಿಂದ ಮುಂದೆ ಎಂಜಿನ್ನಿನ ಹೊಟ್ಟೆಯ ಮೇಲೆ ಇಂಗ್ಲಿಷಿನಲ್ಲಿ ಏನೇ ಬರೆದಿದ್ದರೂ ಅದು ನಂಜನಗೂಡು ರೈಲೇ ಆಯಿತು. ಇನ್ನೊಂದು ಸಂಜೆ ಸಾಲಿನಲ್ಲಿ ಒಬ್ಬಳು ಹುಡುಗಿ ತನ್ನ ಸರದಿಗಾಗಿ ನಿಂತಳು. ಗಂಡುಹುಡುಗರು ನಕ್ಕರು, ರೈಲು ಗಂಡುಮಕ್ಕಳ ಆಟವೆಂಬುದು ಅವರ ಶಾಸ್ತ್ರ. ಒಳಗಿನಿಂದ ಆರತಿ ತಟ್ಟೆ ಹಿಡಿದು ಬರುತ್ತಿದ್ದ ಅಜ್ಜಿ ನಿಂತು, ‘ಬೊಂಬೆ ಕೂರಿಸೋದು ಹೆಣ್ಣುಮಕ್ಕಳು, ರೈಲು ಓಡಿಸೋದು ಮಾತ್ರ ನೀವೇನೋ? ಸರೀರೋ ಆಚೆ’ ಎಂದರು. ಹುಡುಗಿ ಎರಡರ ಬದಲು ಮೂರು ಸುತ್ತು ಓಡಿಸಿದಳು. ಭಾರತೀಯ ರೈಲ್ವೆಗೆ ಮೊದಲ ಮಹಿಳಾ ಚಾಲಕಿಯಾಗಿ ಸುರೇಖಾ ಯಾದವ್ ಸೇರಿದ್ದು 1989ರಲ್ಲಿ. ನಮ್ಮ ಬೀದಿಯ ರೈಲ್ವೆಯಲ್ಲಿ ಆ ಸುಧಾರಣೆ ಅದಕ್ಕೂ ಬಹಳ ಮೊದಲೇ ಜಾರಿಗೆ ಬಂದಿತ್ತು.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳಬೇಕು. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಆಟದ ರೈಲಿನ ಅಳತೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಯೂರೋಪು ಅಮೆರಿಕಗಳ 1,435 ಮಿಲಿಮೀಟರ್ ಅಗಲದ ಹಳಿ ಈ ಲೆಕ್ಕದಲ್ಲಿ ಹದಿನಾರೂವರೆ ಮಿಲಿಮೀಟರ್ ಆಗುತ್ತದೆ. ನಮ್ಮ ನಂಜನಗೂಡಿನ ರೈಲು ಓಡುತ್ತಿದ್ದುದು ಮೀಟರ್ ಗೇಜಿನ ಮೇಲೆ. ಅದನ್ನು ಇಳಿಸಿದರೆ ಹನ್ನೊಂದೂವರೆ ಮಿಲಿಮೀಟರ್ ಮಾತ್ರ. ಎಂದರೆ ಬೊಂಬೆಮೆಟ್ಟಿಲ ಕೆಳಗೆ ಓಡಿದ್ದು ಯಾವ ಲೆಕ್ಕದಿಂದ ನೋಡಿದರೂ ನಮ್ಮ ರೈಲಿನ ಪ್ರತಿಕೃತಿಯಲ್ಲ. ಹಳಿಯ ಅಗಲ ಬೇರೆ, ಎಂಜಿನ್ನಿನ ಆಕಾರ ಬೇರೆ, ಬಣ್ಣ ಬೇರೆ. ಇಷ್ಟಾದರೂ ಇಂದು ಅದನ್ನು ನೆನೆದವರ ಕಣ್ಣ ಮುಂದೆ ಬರುವುದು ಚಾಮರಾಜಪುರಂ ನಿಲ್ದಾಣವೇ. ನೆನಪು ಯಥಾವತ್ತಾದ ನಕಲನ್ನು ಕೇಳುವುದಿಲ್ಲ. ಹೆಸರಿಟ್ಟು ಕರೆದ ದನಿಯನ್ನು ಕೇಳುತ್ತದೆ. ಅಂದು ನಾಲ್ಕು ಮಂದಿ ಕೂಡಿ ಅದನ್ನು ‘ನಂಜನಗೂಡು ರೈಲು’ ಎಂದು ಒಪ್ಪಿಕೊಂಡಿದ್ದರಲ್ಲ, ಆ ಒಪ್ಪಿಗೆಯೇ ಆಟದ ಜೀವ.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ರೈಲು ನಮ್ಮದಾಗಿರಲಿಲ್ಲ, ನಿಜ. ಆದರೆ ವರ್ಷದಲ್ಲಿ ಒಂಬತ್ತು ಸಂಜೆ ಅದು ಇಡೀ ಬೀದಿಯದಾಗಿತ್ತು. ಕೊಳ್ಳುವ ಶಕ್ತಿಯಿದ್ದ ಮನೆ ಒಂದೇ ಆದರೂ ನೋಡುವ ಹಕ್ಕು ಎಲ್ಲರದು ಎಂಬ ಏರ್ಪಾಡನ್ನು ಹಬ್ಬ ಮಾಡಿಕೊಟ್ಟಿತ್ತು. ನಾವು ಕಳೆದುಕೊಂಡದ್ದು ಆ ಏರ್ಪಾಡನ್ನು. ವಸ್ತುವಿನ ಹೆಸರಿನಲ್ಲಿ ನಾವು ಹಂಬಲಿಸುತ್ತಿರುವುದು ತೆರೆದ ಬಾಗಿಲಿಗಾಗಿ.

ನಿಜವಾದ ರೈಲಿಗೂ ಆಟದ ರೈಲಿಗೂ ಇನ್ನೊಂದು ಭೇದವಿದೆ. ನಿಜವಾದ ರೈಲು ಜನರನ್ನು ಕರೆದುಕೊಂಡು ಹೋಗುತ್ತದೆ. ಕೃಷ್ಣಮೂರ್ತಿಪುರಂನಂಥ ಬಡಾವಣೆಗಳ ಮಕ್ಕಳು ಓದು ಮುಗಿಸಿ ಹೊರಟದ್ದು ಅದೇ ಹಳಿಯ ಮೇಲೆ: ಮೊದಲು ಬೆಂಗಳೂರಿಗೆ, ಆಮೇಲೆ ಮುಂಬಯಿಗೆ, ಅಲ್ಲಿಂದ ವಿಮಾನ ಹತ್ತಿ ಇನ್ನೂ ದೂರಕ್ಕೆ. ಮೈಸೂರಿಗೆ ನಿವೃತ್ತರ ಊರೆಂಬ ಹೆಸರು ಬಂದದ್ದರ ಇನ್ನೊಂದು ಮುಖ ಇದು. ಆಟದ ರೈಲಿನ ಹಳಿ ಮಾತ್ರ ವೃತ್ತಾಕಾರವಾದದ್ದು. ಅದು ಎಷ್ಟು ವೇಗವಾಗಿ ಹೊರಟರೂ ಹೊರಟಲ್ಲಿಗೇ ಬರುತ್ತದೆ. ಮಕ್ಕಳು ಅದರ ವೇಗವನ್ನು ನೋಡಿ ಚಪ್ಪಾಳೆ ತಟ್ಟುವಾಗ, ಹಿಂದೆ ಕುರ್ಚಿಯಲ್ಲಿ ಕುಳಿತ ಹಿರಿಯರು ನೋಡುತ್ತಿದ್ದುದು ಅದರ ಹಿಂದಿರುಗುವಿಕೆಯನ್ನು ಎಂದು ಈಗ ನನಗೆ ತೋರುತ್ತದೆ. ಆ ರೈಲನ್ನು ಕಳುಹಿಸಿದ ಮಗ ದೂರದೇಶದಲ್ಲಿದ್ದ.

ನಿಜವಾದ ರೈಲೂ ಹಳೆಯ ರೂಪದಲ್ಲಿ ಉಳಿಯಲಿಲ್ಲ. ಬೆಂಗಳೂರಿನ ದಾರಿ 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಚಾಮರಾಜನಗರದ ದಾರಿ 2008ರಲ್ಲಿ. ಉಗಿಬಂಡಿ ಹೋಯಿತು. ಅದನ್ನು ನೋಡಬೇಕಾದರೆ ಕೃಷ್ಣರಾಜಸಾಗರ ರಸ್ತೆಯ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. 1979ರಲ್ಲಿ ಆರಂಭವಾದ ಅಲ್ಲಿ ಹಳೆಯ ಎಂಜಿನ್ನುಗಳಿವೆ, 1899ರ ಕಾಲದ ಮಹಾರಾಣಿಯವರ ಸಲೂನು ಗಾಡಿಯಿದೆ. ಇವುಗಳ ಮುಂದೆ ಮಕ್ಕಳು ಸ್ವಲ್ಪ ಹೊತ್ತು ಗೌರವದಿಂದ ನಿಲ್ಲುತ್ತಾರೆ; ಆಮೇಲೆ, ಮಕ್ಕಳನ್ನು ಕೂರಿಸಿಕೊಂಡು ಸುತ್ತು ಹಾಕುವ ಪುಟಾಣಿ ರೈಲಿನ ಕಡೆಗೆ ಓಡುತ್ತಾರೆ. ನಿಂತ ದೊಡ್ಡದಕ್ಕಿಂತ ಓಡುವ ಚಿಕ್ಕದು ಮೇಲೆಂಬ ಅವರ ತೀರ್ಪು ತಪ್ಪೆಂದು ನನಗನ್ನಿಸುವುದಿಲ್ಲ.

ಹಳಹಳಿಕೆಯಲ್ಲಿ ಎರಡು ಬಗೆಯುಂಟು. ಒಂದು ಬೀಗ ಹಾಕುತ್ತದೆ. ಇಂದು ವಿದ್ಯುತ್ ರೈಲು ದೊರೆಯದ ವಸ್ತುವಲ್ಲ. ಹಣವಿದ್ದರೆ ಮನೆಬಾಗಿಲಿಗೇ ಬರುತ್ತದೆ. ಬಾಲ್ಯದಲ್ಲಿ ಕೈಗೆ ಬಾರದ್ದನ್ನು ಐವತ್ತನೆಯ ವಯಸ್ಸಿನಲ್ಲಿ ಕೊಂಡು, ಪೆಟ್ಟಿಗೆಯ ಮುದ್ರೆಯನ್ನೂ ಒಡೆಯದೆ ಗಾಜಿನ ಬೀರುವಿನಲ್ಲಿಡುವವರಿದ್ದಾರೆ. ತೆರೆದರೆ ಬೆಲೆ ಇಳಿಯುತ್ತದಂತೆ! ಹೀಗೆ ಕೊಳ್ಳುವವರ ತಲೆ ನರೆಯುತ್ತ ಹೋದಂತೆ, ಹೊಸ ಮಕ್ಕಳು ಬಾರದೆ ಹೋದರೆ, ತಯಾರಕರಿಗೂ ಗಂಡಾಂತರವೇ. ಅಷ್ಟು ಹೆಸರಾಂತ ಮಾರ್ಕ್ಲಿನ್ ಸಂಸ್ಥೆಯೇ 2009ರಲ್ಲಿ ದಿವಾಳಿಗೆ ಅರ್ಜಿ ಹಾಕಿ, ಬಳಿಕ ಚೇತರಿಸಿಕೊಳ್ಳಬೇಕಾಯಿತು.

ಇನ್ನೊಂದು ಬಗೆಯ ಹಳಹಳಿಕೆ ಬಾಗಿಲು ತೆಗೆಯುತ್ತದೆ. ಪುಣೆಯಲ್ಲಿ ಬಿ. ಎಸ್. ಜೋಶಿ ಎಂಬ ಹವ್ಯಾಸಿ ಬಾಳಿನುದ್ದಕ್ಕೂ ಕೂಡಿಸಿದ, ಕೈಯಾರೆ ಕಟ್ಟಿದ ಕಿರುರೈಲುಗಳ ಊರೊಂದು 1998ರಿಂದ ಸಾರ್ವಜನಿಕರಿಗೆ ತೆರೆದಿದೆ. ಇಂಥ ಔದಾರ್ಯಕ್ಕೆ ನಾವು ಪುಣೆಯವರೆಗೂ ಹೋಗಬೇಕಾಗಿಲ್ಲ. ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 30 ವ್ಯಾಟಿನ ಪುಟ್ಟ ಯಂತ್ರವೊಂದನ್ನಿಟ್ಟು ಬಾನುಲಿಯನ್ನು ಪ್ರಾರಂಭಿಸಿದರು. ಅದನ್ನು ಆಟಿಕೆಯೆಂದು ನಕ್ಕು ಸುಮ್ಮನಾಗಬಹುದಾಗಿತ್ತು. ಆದರೆ ಮನೆಯೊಳಗಿನ ಆ ವಿದ್ಯುತ್ತು ಊರಿಗೆಲ್ಲ ಕೇಳಿಸಿತು. ಆ ಕೇಂದ್ರಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶದ ಬಾನುಲಿಯದೇ ಆಯಿತು. ಒಬ್ಬರ ಹವ್ಯಾಸ ಎಷ್ಟು ದೊಡ್ಡದಾಗಬಹುದೆಂಬುದು ಅದರ ಯಂತ್ರದ ಗಾತ್ರದಿಂದ ತೀರ್ಮಾನವಾಗುವುದಿಲ್ಲ.

ಆದ್ದರಿಂದ, ಕೇಳುಗರೆ, ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಅಂಥದೊಂದು ರೈಲು ಉಳಿದಿದ್ದರೆ ಈ ನವರಾತ್ರಿಗೆ ಅದನ್ನು ಕೆಳಗಿಳಿಸಿ. ವರ್ಷಗಟ್ಟಲೆ ಮಲಗಿದ ಹಳಿಗೆ ಕಿಲುಬು ಹತ್ತಿದ್ದೀತು, ಒರೆಸಬೇಕು. ಮೋಟಾರು ಮೊದಲು ಮೊಂಡುಹಿಡಿದೀತು. ತಾಳ್ಮೆಯಿಂದ ಒಂದು ತೊಟ್ಟು ಎಣ್ಣೆ ಬಿಟ್ಟು ಕಾಯಬೇಕು. ರೈಲು ಇಲ್ಲದವರು ಬೇಸರಪಡಬೇಕಾಗಿಲ್ಲ. ಚನ್ನಪಟ್ಟಣದ ಮರದ ಬಂಡಿಗೂ ರಾಗಿ ಹೊಲದ ಪಕ್ಕದಲ್ಲಿ ಜಾಗವಿದೆ. ಇಂದಿನ ಬೀದಿಗಳಲ್ಲಿ ‘ಬೊಂಬೆ ಕೂರಿಸಿದೀರಾ?’ ಎಂದು ಕೇಳಿಕೊಂಡು ಬರುವ ಮಕ್ಕಳು ಮೊದಲಿನಷ್ಟಿಲ್ಲ. ಹಲವು ಮನೆಗಳ ಗೇಟಿಗೆ ಬೀಗವಿರುವುದನ್ನು ನೋಡಿ ಅವರು ಕೇಳುವುದನ್ನು ಬಿಟ್ಟಿರಲೂ ಬಹುದು. ಬಾರದಿದ್ದರೆ ನಾವೇ ಕರೆಯೋಣ. ಬಂದವರಿಗೆಲ್ಲ ಎರಡೆರಡು ಸುತ್ತು. ಯಾವ ಊರಿನ ರೈಲೆಂಬುದನ್ನು ಅವರೇ ಹೇಳಲಿ. ಅವರ ಬಾಯಲ್ಲಿ ಬರುವ ಊರಿನ ಹೆಸರನ್ನು ನಾವು ಕೇಳಿಯೇ ಇಲ್ಲದಿರಬಹುದು. ಆದರೂ ಗುಂಡಿಯನ್ನು ಅವರ ಕೈಗೆ ಕೊಟ್ಟು, ಸ್ವಲ್ಪ ಹಿಂದೆ ಸರಿದು ಕುಳಿತುಕೊಳ್ಳೋಣ.